ಮೊದಲ ಎಣ್ಣೆ

ಡಿಸೆಂಬರ್ ಎರಡನೆಯ ವಾರ ನಮ್ಮೂರಿನ ಗ್ರಂಥಾಲಯದ ಮಾಳಿಗೆಯಲ್ಲಿ ಓದುಗರ ಎದುರು ಆಡಿದ ಮಾತುಗಳಿವು. ಮೊಬೈಲಿನಲ್ಲಿ ಹಿಡಿದಿಟ್ಟದ್ದನ್ನು ಕೇಳಿ ಬರೆದುಕೊಂಡಿದ್ದೇನೆ. ಎರಡು ಕಡೆ ಹೇಳಿದ್ದನ್ನೇ ಹೇಳಿದ್ದೆ, ಅದನ್ನು ತೆಗೆದಿದ್ದೇನೆ. ಉಳಿದದ್ದು ಹೇಳಿದ ಹಾಗೆಯೇ ಇದೆ.

ಎಲ್ಲರಿಗೂ ನಮಸ್ಕಾರ.

ಕರಪತ್ರದಲ್ಲಿ ನನ್ನ ಹೆಸರಿನ ಎದುರು ‘ಕ್ರಿಸ್ಮಸ್ ಸಂದೇಶ’ ಎಂದು ಅಚ್ಚು ಹಾಕಿಸಿದ್ದೀರಿ. ಸಂದೇಶ ಕೊಡಲು ನಮ್ಮಲ್ಲಿ ಫಾದರ್ ಇದ್ದಾರೆ, ಬಿಷಪರು ಇದ್ದಾರೆ. ಅವರು ಕೊಟ್ಟದ್ದನ್ನೇ ನಾವು ಪೂರ್ತಿ ಖರ್ಚು ಮಾಡುವುದಿಲ್ಲ. ನಾನು 32 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಅದಕ್ಕಿಂತ ಹೆಚ್ಚು ವರ್ಷ ಡಿಸೆಂಬರ್ ತಿಂಗಳಲ್ಲಿ ಬಾಣಲೆಯ ಮುಂದೆ ಕೂತವಳು. ಇವತ್ತು ಬಾಣಲೆಯ ವಿಷಯವನ್ನೇ ಮಾತಾಡುತ್ತೇನೆ. ಬಾಣಲೆ ಅಂದರೆ ಅದರೊಳಗಿನ ಎಣ್ಣೆ. ಎಣ್ಣೆಯಲ್ಲಿ ಮೊದಲ ಎಣ್ಣೆ, ಎರಡನೇ ಎಣ್ಣೆ ಅಂತ ಎರಡು ಉಂಟು.

ನಾವು ಕ್ಯಾಥೊಲಿಕರು, ನಮ್ಮ ಮನೆಮಾತು ಕೊಂಕಣಿ. ನಮ್ಮ ಹಿರಿಯರು ಶತಮಾನಗಳ ಹಿಂದೆ ಗೋವಾ ಕಡೆಯಿಂದ ಇಳಿದು ಬಂದವರು. ಬರುವಾಗ ತಂದ ಮಾತುಗಳಲ್ಲಿ ಪೋರ್ಚುಗೀಸಿನ ಪುಡಿ ಸ್ವಲ್ಪ ಅಂಟಿಕೊಂಡಿತ್ತು. ಹಬ್ಬ ನಮಗೆ ‘ಫೆಸ್ತ್’, ಚರ್ಚು ‘ಇಗರ್ಜ್’, ಕ್ರಿಸ್ಮಸ್ ‘ನತಾಲ್’. ಆದರೆ ಊರು ನಮ್ಮನ್ನು ಕರೆದದ್ದು ತುಳುವಿನಲ್ಲಿ. ಗಂಡಸರು ‘ಪೊರ್ಬುಲು’, ಹೆಂಗಸರು ‘ಬಾಯಮ್ಮ’. ಶಾಲೆಯಲ್ಲಿ ಟೀಚರ್ ಆದ ಮೇಲೂ ಮೀನು ಮಾರುವವಳಿಗೆ ನಾನು ಬಾಯಮ್ಮನೇ. ಆ ಹೆಸರು ನನಗೆ ಇಷ್ಟ.

ಹೊರಗಿನಿಂದ ನೋಡುವವರಿಗೆ ಕ್ರಿಸ್ಮಸ್ ಅಂದರೆ ಒಂದು ರಾತ್ರಿ. ನಕ್ಷತ್ರ, ಕೇಕು, ಹತ್ತಿಯ ಗಡ್ಡದ ತಾತ. ಮಾರನೆಯ ದಿನ ಪೇಪರಿನಲ್ಲಿ ಮೇಣದ ಬತ್ತಿ ಹಚ್ಚುವ ಹುಡುಗಿಯ ಫೋಟೋ. ಒಳಗಿದ್ದವರಿಗೆ ಅದು ಒಂದು ತಿಂಗಳ ಕೆಲಸ, ಹೆಚ್ಚಿನ ಪಾಲು ಹೆಂಗಸರ ಕೆಲಸ. ಸಕ್ಕರೆ ರೇಷನ್ನಿನಲ್ಲಿ ಬರುತ್ತಿದ್ದ ಕಾಲದಲ್ಲಿ ನನ್ನ ತಾಯಿ ಸೆಪ್ಟೆಂಬರ್ 8ರ ತೆನೆಹಬ್ಬ, ಅಂದರೆ ಮೊಂತಿ ಫೆಸ್ತ್, ಮುಗಿದ ದಿನದಿಂದಲೇ ಚಹಾಕ್ಕೆ ಬೆಲ್ಲ ಹಾಕುತ್ತಿದ್ದರು. ಉಳಿದ ಸಕ್ಕರೆ ಅಟ್ಟ ಹತ್ತುತ್ತಿತ್ತು. ಬೆಲ್ಲದ ಚಹಾ ಕುಡಿದು ಕುಡಿದು ನಮಗೆ ಡಿಸೆಂಬರ್ ಬರುತ್ತಿತ್ತು.

ನತಾಲಿಗೆ ಮಾಡುವ ತಿಂಡಿಗಳಿಗೆಲ್ಲ ಸೇರಿಸಿ ಇರುವ ಹೆಸರು ಕುಸ್ವಾರ್. ನೆವ್ರಿ ಅಂದರೆ ನಿಮ್ಮ ಕರಿಕಡುಬಿನ ತಂಗಿ. ಮೈದಾದ ಹಾಳೆಯೊಳಗೆ ಎಳ್ಳು, ಒಣಕೊಬ್ಬರಿ, ಸಕ್ಕರೆ, ಗೇರುಬೀಜ, ಏಲಕ್ಕಿ ಇಟ್ಟು ಅರ್ಧಚಂದ್ರ ಮಾಡಿ, ಅಂಚನ್ನು ಹಲ್ಲಿನ ಚಕ್ರದಲ್ಲಿ ಕತ್ತರಿಸಿ ಕರಿಯುವುದು. ಗುಳಿಯೊ ಅಂದರೆ ಅಕ್ಕಿಹಿಟ್ಟು, ತೆಂಗಿನಕಾಯಿ ಸೇರಿಸಿ ಉಂಡೆ ಕಟ್ಟಿದ ಗೋಲಿ. ಹೆಸರು ಗೋಲಿ, ಹಲ್ಲಿಗೂ ಗೋಲಿಯೇ. ಕಿಡ್ಯೊ ಅಂದರೆ ಅಕ್ಷರಶಃ ಹುಳುಗಳು. ಚಿಕ್ಕ ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಸುತ್ತಿದರೆ ಮೈಮೇಲೆ ಗೆರೆ ಬಿದ್ದು ಹುಳುವಿನ ಹಾಗೆ ಕಾಣುತ್ತದೆ. ಬೆಂಗಳೂರಿನಲ್ಲಿ ಅದಕ್ಕೆ ಕುಲ್‌ಕುಲ್ ಅನ್ನುತ್ತಾರೆ, ಹುಳ ಅಂತ ಹೇಳಿ ಮಾರಲಾಗುತ್ತದೆಯೇ? ಕಬ್ಬಿಣದ ಅಚ್ಚನ್ನು ತೆಂಗಿನ ಹಾಲಿನ ಹಿಟ್ಟಿಗೆ ಅದ್ದಿ ಎಣ್ಣೆಗಿಳಿಸುವ ರೋಸ್ ಕುಕೀಸ್. ಅಚ್ಚು ಚೆನ್ನಾಗಿ ಪಳಗದಿದ್ದರೆ ಹೂವು ಅಚ್ಚನ್ನು ಬಿಡುವುದೇ ಇಲ್ಲ, ಅಲುಗಾಡಿಸಿ ಅಲುಗಾಡಿಸಿ ಭುಜ ಬೀಳುತ್ತದೆ. ಆಮೇಲೆ ಚಕ್ಕುಲಿ, ತುಕ್ಡಿ, ಲಾಡು, ಪೇರಳೆಹಣ್ಣನ್ನು ಗಂಟೆಗಟ್ಟಲೆ ಕಾಯಿಸಿ ಕತ್ತರಿಸುವ ಪೆರಾದ್.

ಈಗ ಎಣ್ಣೆಗೆ ಬರುತ್ತೇನೆ. 1981ರಲ್ಲಿ ನಾನು ಮದುವೆಯಾಗಿ ಬಂಟ್ವಾಳದ ಕಡೆಯ ಈ ಮನೆಗೆ ಬಂದೆ. ಮೊದಲ ಡಿಸೆಂಬರಿನಲ್ಲಿ ನನ್ನ ಚುರುಕುತನ ತೋರಿಸಬೇಕೆಂದು ಅತ್ತೆ ಏಳುವ ಮೊದಲೇ ಒಲೆ ಹಚ್ಚಿ, ಹಿಂದಿನ ರಾತ್ರಿ ಸುತ್ತಿಟ್ಟಿದ್ದ ಕಿಡ್ಯೊ ಬಾಣಲೆಗೆ ಸುರಿದೆ. ಅತ್ತೆ ಬಂದರು. ನೋಡಿದರು. ಬೈಯಲಿಲ್ಲ. ಬಾಣಲೆ ಇಳಿಸಿದರು, ಎಣ್ಣೆಯನ್ನು ಬೇರೆ ಪಾತ್ರೆಗೆ ಸೋಸಿದರು, ಬಾಣಲೆಯನ್ನು ಬೂದಿ ಹಾಕಿ ತಿಕ್ಕಿ ತೊಳೆದು ಹೊಸ ಎಣ್ಣೆ ಸುರಿದರು. ಆಮೇಲೆ ಕೇಳಿದರು: “ಕಿಡ್ಯೊಗೆ ಮೊಟ್ಟೆ ಹಾಕಿದ್ದೀಯಲ್ಲ, ಇನ್ನು ಭಟ್ರ ಮನೆಗೆ ಏನು ಕೊಡುವುದು?”

ನನ್ನ ತವರಿನ ಸುತ್ತಮುತ್ತ ಎಲ್ಲ ನಮ್ಮವರದ್ದೇ ಮನೆಗಳು. ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ಈ ಮನೆಯಲ್ಲಿ ಕರಿಯುವುದಕ್ಕೆ ಒಂದು ಸರದಿ ಇತ್ತು. ಮೊದಲ ದಿನ, ಹೊಸ ಎಣ್ಣೆಯಲ್ಲಿ, ಮೊಟ್ಟೆ ಮುಟ್ಟದ ಪದಾರ್ಥ ಮಾತ್ರ: ಚಕ್ಕುಲಿ, ತುಕ್ಡಿ, ಗುಳಿಯೊ, ಕೊನೆಗೆ ನೆವ್ರಿ. ನೆವ್ರಿ ಕೊನೆಗೆ ಯಾಕೆಂದರೆ ಅಂಚು ಸರಿಯಾಗಿ ಕೂಡದ ಒಂದೇ ಒಂದು ನೆವ್ರಿ ಬಾಣಲೆಯಲ್ಲಿ ಒಡೆದರೂ ಎಳ್ಳು ಸಕ್ಕರೆ ಕರಟಿ ಅಷ್ಟೂ ಎಣ್ಣೆ ಕಹಿಯಾಗುತ್ತದೆ. ಇದರಿಂದ ನೆರೆಮನೆಗಳ ಪಾಲು ತೆಗೆದು ಬೇರೆ ಡಬ್ಬಕ್ಕೆ ಹಾಕಿ ಮುಚ್ಚಿಟ್ಟ ಮೇಲೆಯೇ ಮೊಟ್ಟೆಯ ಬುಟ್ಟಿ ಅಡುಗೆಮನೆಗೆ ಬರುತ್ತಿತ್ತು. ನಾವು ತಿನ್ನುವುದು ಎರಡನೇ ಎಣ್ಣೆಯದ್ದು. ಮನೆಯವರ ಹಬ್ಬ, ಮನೆಯವರಿಗೆ ಎರಡನೇ ಎಣ್ಣೆ. ಇದು ವಿಚಿತ್ರ ಅಂತ ಆಗ ನನಗೆ ಅನಿಸಿತ್ತು. ಈಗಲೂ ಸ್ವಲ್ಪ ಅನಿಸುತ್ತದೆ.

ಅತ್ತೆಯ ಬಳಿ ಒಂದು ಶಾಲೆಯ ಕಾಪಿ ಪುಸ್ತಕ ಇತ್ತು. ಅದರಲ್ಲಿ ಹಬ್ಬಕ್ಕೆ ಕುಸ್ವಾರ್ ತುಂಬಿದ ತಟ್ಟೆ ಹೋಗುವ ಮನೆಗಳ ಪಟ್ಟಿ. ಅವರು ನಾಲ್ಕನೇ ಕ್ಲಾಸು ಓದಿದವರು. ಬರೆಯುತ್ತಿದ್ದದ್ದು ಕೊಂಕಣಿ, ಲಿಪಿ ಕನ್ನಡ. ಕನ್ನಡ ಟೀಚರಾಗಿ ನಾನು ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ನಮ್ಮ ಪ್ರಾರ್ಥನೆಯ ಪುಸ್ತಕ, ಹಾಡಿನ ಪುಸ್ತಕ, 1938ರಿಂದ ಮಂಗಳೂರಿನಲ್ಲಿ ಬರುತ್ತಿರುವ ‘ರಾಕ್ಣೊ’ ವಾರಪತ್ರಿಕೆ, ಎಲ್ಲ ಕೊಂಕಣಿಯೇ, ಎಲ್ಲ ಕನ್ನಡ ಅಕ್ಷರದಲ್ಲೇ. ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಕೊಂಕಣಿ ಸೇರಿದ್ದು 1992ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ನಮ್ಮ ಅಜ್ಜಿಯಂದಿರ ದೇವರು ‘ಅ ಆ ಇ ಈ’ಯಲ್ಲಿ ಓದಿಸಿಕೊಳ್ಳುತ್ತಿದ್ದ. ಅತ್ತೆಯ ಪಟ್ಟಿಯಲ್ಲಿ ಭಟ್ರ ಹೆಸರಿನ ಎದುರು ‘1ಲೆಂ ತೇಲ್’ ಎಂದಿತ್ತು. ಮೊದಲ ಎಣ್ಣೆ. ಬ್ಯಾರಿ, ಅಂದರೆ ಇಲ್ಲಿಯ ಮುಸ್ಲಿಮರ, ಮನೆಯ ಎದುರು ‘ಪೂರಾ’, ಅಂದರೆ ಎಲ್ಲವೂ ನಡೆಯುತ್ತದೆ. ಅದರ ಕೆಳಗೆ ಗೆರೆ ಎಳೆದು, ಹಂದಿಯ ತುಪ್ಪ ತಾಗಿದ ಸಟ್ಟುಗ ಹತ್ತಿರಕ್ಕೂ ಬರಬಾರದು ಅಂತ. ಶೆಟ್ರ ಮನೆಯ ಎದುರು ಪದಾರ್ಥದ ಹೆಸರೇ ಇಲ್ಲ, ‘ಚಡ್ ಘಾಲ್’ ಎಂದಷ್ಟೇ. ಜಾಸ್ತಿ ಹಾಕು! ಆ ಮನೆಯಲ್ಲಿ ಮಕ್ಕಳು ಜಾಸ್ತಿ.

ಆದರೆ ಇದನ್ನೆಲ್ಲ ಕೇಳಿ ‘ಆಹಾ ಆ ಕಾಲ’ ಅಂತ ಉಸಿರು ಬಿಡಬೇಡಿ. ಭಟ್ರ ತಾಯಿ ಇರುವವರೆಗೆ ನಮ್ಮ ಒಲೆಯ ಪದಾರ್ಥ ಆ ಮನೆಯೊಳಗೆ ಹೋಗಲಿಲ್ಲ. ಅವರಿಗೆ ನಾವು ಕಳಿಸುತ್ತಿದ್ದದ್ದು ಬೇಯಿಸದ ವಸ್ತು: ಒಂದು ಬಾಳೆಗೊನೆ, ಎರಡು ಸುಲಿದ ತೆಂಗಿನಕಾಯಿ, ಒಂದು ಸೇರು ಸಕ್ಕರೆ. ಜಗಲಿಯಲ್ಲಿ ಇಟ್ಟು ಬರುವುದು. ಅವರು ಒಳ್ಳೆಯವರು, ಪ್ರೀತಿಯಿಂದಲೇ ಮಾತಾಡುತ್ತಿದ್ದರು, ಮಾತಾಡುತ್ತಾ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನಮ್ಮಲ್ಲೂ ಹಿಂದೆ ಸರಿಯುವುದು ಇಲ್ಲ ಅಂತೇನಿಲ್ಲ. ನಮ್ಮವರು ‘ಬಾಮಣ್’ ಮನೆತನ, ಇನ್ನೊಂದು ಮನೆತನ ಅಂತ ಮದುವೆಯ ಸಮಯದಲ್ಲಿ ಲೆಕ್ಕ ಹಾಕುವುದನ್ನು ನಾನೇ ಕೇಳಿದ್ದೇನೆ. ಮೊದಲ ಎಣ್ಣೆ ಶುರುವಾದದ್ದು ಭಟ್ರ ಹೆಂಡತಿಯ ಕಾಲದಲ್ಲಿ. ಒಂದು ವರ್ಷ ಅವರೇ ಬೇಲಿಯ ಹತ್ತಿರ ನಿಂತು ಅತ್ತೆಯನ್ನು ಕೇಳಿದರಂತೆ: “ಬಾಯಮ್ಮ, ಚಕ್ಕುಲಿಗೆ ಮೊಟ್ಟೆ ಹಾಕ್ಲಿಕ್ಕೆ ಉಂಟಾ?” ಅತ್ತೆ ಹೇಳಿದರು: “ಚಕ್ಕುಲಿಗೆ ಹಾಕ್ಲಿಕ್ಕಿಲ್ಲ. ಆದ್ರೆ ಎಣ್ಣೆಗೆ ಹಾಕಿದ್ದಾಗ್ತದೆ.” ಆ ಉತ್ತರದಿಂದ ಒಂದು ಪದ್ಧತಿಯೇ ಹುಟ್ಟಿತು.

1990ರ ವಿಷಯ ಹೇಳಬೇಕು. ಆ ವರ್ಷ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಅಡುಗೆ ಬೇಯುತ್ತಿದ್ದದ್ದೇ ಕುವೈತಿನ ಬೆಂಕಿಯಲ್ಲಿ. ನನ್ನ ಮೈದುನ ಅಲ್ಲಿದ್ದ. ಏರ್ ಇಂಡಿಯಾ ವಿಮಾನಗಳು ಅಮ್ಮಾನ್‌ನಿಂದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಹೊತ್ತು ತಂದವಲ್ಲ, ಅದರಲ್ಲಿ ಅವನೂ ಒಬ್ಬ. ಅಮ್ಮಾನ್‌ನಿಂದ ಮುಂಬಯಿ, ಮುಂಬಯಿಯಿಂದ ಬಸ್ಸು. ಮನೆಯ ಅಂಗಳಕ್ಕೆ ಬಂದಾಗ ಕೈಯಲ್ಲಿ ಒಂದು ಬ್ಯಾಗು, ಕಾಲಲ್ಲಿ ಬೇರೆ ಯಾರದ್ದೋ ಚಪ್ಪಲಿ. ಹಿಂದಿನ ಡಿಸೆಂಬರಿನಲ್ಲಿ ಇಡೀ ಮನೆಗೆ ಬಟ್ಟೆ ತಂದವನು ಆ ಡಿಸೆಂಬರಿನಲ್ಲಿ ಅಣ್ಣನ ಅಂಗಿ ಹಾಕಿಕೊಂಡು ತೋಟದಲ್ಲಿ ಸುಮ್ಮನೆ ಓಡಾಡುತ್ತಿದ್ದ. ಅತ್ತೆ ಹೇಳಿದರು, ಈ ವರ್ಷ ಕುಸ್ವಾರ್ ಬೇಡ, ಕೇಕು ಒಂದು ಸಾಕು, ಅದೂ ಚಿಕ್ಕದು.

ಡಿಸೆಂಬರ್ 15 ಕಳೆದರೂ ನಮ್ಮ ಮನೆಯಿಂದ ಕರಿದ ವಾಸನೆ ಬರಲಿಲ್ಲ. ಹದಿನಾರಕ್ಕೋ ಹದಿನೇಳಕ್ಕೋ ಭಟ್ರ ಹೆಂಡತಿ ಆಳಿನ ತಲೆಯಲ್ಲಿ ಒಂದು ಡಬ್ಬ ಹೊರಿಸಿಕೊಂಡು ಬಂದರು. ಅವರದೇ ತೋಟದ ಕೊಬ್ಬರಿ ಗಾಣಕ್ಕೆ ಕೊಟ್ಟು ತೆಗೆಸಿದ ತೆಂಗಿನೆಣ್ಣೆ. ಜಗಲಿಯಲ್ಲಿ ಇಡಿಸಿ, “ಎಣ್ಣೆ ನಮ್ದು, ಕರಿಯುದು ನಿಮ್ದು, ಆಯ್ತಾ ಬಾಯಮ್ಮ?” ಅಂದರು. ಅತ್ತೆ ಏನೋ ಹೇಳಹೊರಟರು. ಅವರು ಕೇಳಲಿಲ್ಲ, ಅಂಗಳ ದಾಟಿ ಆಗಿತ್ತು. ಹೋಗುತ್ತಾ ತಿರುಗಿ, “ನಮ್ಮ ಮಕ್ಕಳು ದಿನಾ ಕೇಳ್ತವೆ ಮಾರಾಯ್ರೆ, ನನ್ನಿಂದ ಆಗುದಿಲ್ಲ” ಅಂದರು. ಸಹಾಯ ಮಾಡುತ್ತಿದ್ದೇನೆ ಅಂತ ನಮಗೆ ಅನಿಸದ ಹಾಗೆ ಮಾಡಿದ ಉಪಾಯ ಅದು ಎಂದು ತಿಳಿಯಲು ನನಗೆ ಕೆಲವು ವರ್ಷ ಬೇಕಾಯಿತು. ಅತ್ತೆಗೆ ಆ ಗಳಿಗೆಯಲ್ಲೇ ತಿಳಿದಿತ್ತು. ಅವರು ಡಬ್ಬದ ಮುಚ್ಚಳ ತೆಗೆದು ಮೂಸಿ, ಒಳಗೆ ಹೋಗಿ, ಮೈದುನನನ್ನು ಕರೆದು ಚಕ್ಕುಲಿಯ ಒರಳು ಕೈಗೆ ಕೊಟ್ಟರು. ಮೂರು ತಿಂಗಳಿಂದ ಕೆಲಸವಿಲ್ಲದೆ ಕೂತಿದ್ದ ಕೈ. ಅವನು ಒತ್ತಿದ ಚಕ್ಕುಲಿ ಅಷ್ಟು ದಪ್ಪ ಆಗಿತ್ತೆಂದರೆ ಒಳಗೆ ಬೇಯಲೇ ಇಲ್ಲ. ಆದರೂ ತಟ್ಟೆ ಎಲ್ಲ ಮನೆಗೂ ಹೋಯಿತು.

ಇನ್ನು ಚರ್ಚಿನ ಕಡೆಗೆ. ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ಹಬ್ಬಕ್ಕೆ ಕಾಯುವ ಆಗಮನ ಕಾಲ ಶುರು, ನಾಲ್ಕು ಭಾನುವಾರ. ಪೀಠದ ಪಕ್ಕ ಹಸಿರೆಲೆಯ ಚಕ್ರದಲ್ಲಿ ನಾಲ್ಕು ಮೇಣದ ಬತ್ತಿ, ಮೂರು ನೇರಳೆ, ಒಂದು ಗುಲಾಬಿ. ವಾರಕ್ಕೊಂದು ಹೆಚ್ಚು ಹಚ್ಚುತ್ತಾ ಹೋಗುವುದು. ನನ್ನ ಬಾಲ್ಯದಲ್ಲಿ ನಮ್ಮ ಇಗರ್ಜಿಯಲ್ಲಿ ಇದು ಇರಲಿಲ್ಲ. ಇದು ಪ್ರೊಟೆಸ್ಟಂಟರ ಮನೆಯಿಂದ ಬಂದ ವಸ್ತು. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ವಿಖರ್ನ್ ಎಂಬ ಪಾದ್ರಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದರು. ಹಬ್ಬ ಯಾವಾಗ, ಹಬ್ಬ ಯಾವಾಗ ಎಂದು ದಿನಾ ಕೇಳುವ ಮಕ್ಕಳ ಕಾಟ ತಾಳದೆ ಒಂದು ಗಾಡಿಯ ಚಕ್ರಕ್ಕೆ ಬತ್ತಿಗಳನ್ನು ನಿಲ್ಲಿಸಿ, ದಿನಕ್ಕೊಂದು ಹಚ್ಚಿ ಎಣಿಸಲು ಕಲಿಸಿದರು. ಅದೇ ಕಾಲದಲ್ಲಿ, 1834ರಲ್ಲಿ, ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಸಂಸ್ಥೆಯವರು ಮಂಗಳೂರಿಗೆ ಬಂದಿಳಿದಿದ್ದರು. ಅವರ ಸಭೆಗಳಲ್ಲಿ ಇಂದಿಗೂ ಆರಾಧನೆ, ಕೀರ್ತನೆ ಹೆಚ್ಚಾಗಿ ಕನ್ನಡದಲ್ಲಿ. ನಮ್ಮ ಹಳೆಯ ಮಂದಿ ಮಂಗಳೂರಿನ ಬಲ್ಮಠದ ಈ ಮಿಷನಿನವರನ್ನು ಅಷ್ಟೇನೂ ಹತ್ತಿರ ಸೇರಿಸುತ್ತಿರಲಿಲ್ಲ. ಈಗ ಅವರ ಕಡೆಯ ಚಕ್ರ ನಮ್ಮ ಪೀಠದ ಪಕ್ಕದಲ್ಲಿ ಕೂತಿದೆ. ತಟ್ಟೆ ಆ ದಾರಿಯಲ್ಲೂ ಓಡಾಡಿದೆ.

ಗೋದಲಿಯ ಕಥೆ ಇನ್ನೂ ಹಳೆಯದು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ನಿಜವಾದ ಎತ್ತು ಕತ್ತೆ ತಂದು, ಹುಲ್ಲು ಹಾಸಿ ಯೇಸು ಹುಟ್ಟಿದ ರಾತ್ರಿಯನ್ನು ತೋರಿಸಿದ್ದು. ಕನ್ನಡ ಬೈಬಲ್ಲಿನಲ್ಲಿ ‘ಗೋದಲಿ’ ಎಂಬ ಮಾತು ಬರುತ್ತದೆ, ದನಕ್ಕೆ ಮೇವು ಹಾಕುವ ತೊಟ್ಟಿ. ಇಲ್ಲಿಯ ಹಟ್ಟಿಗಳಲ್ಲಿ ಬೈಪಣೆ ಅನ್ನುತ್ತಾರೆ. ಶಾಲೆಯ ಮಕ್ಕಳಿಗೆ ಈ ಪಾಠ ಮಾಡುವಾಗ ನಾನು ಬೈಪಣೆ ಅಂತಲೇ ಹೇಳುತ್ತಿದ್ದೆ. ಕೂಡಲೇ ಮಕ್ಕಳ ಮುಖದಲ್ಲಿ, ‘ಅಯ್ಯೋ, ಮಗುವನ್ನು ಅಲ್ಲಿ ಮಲಗಿಸಿದರಾ, ದನ ನೆಕ್ಕುವುದಿಲ್ಲವಾ’ ಎಂಬ ಗಾಬರಿ ಕಾಣುತ್ತಿತ್ತು. ಗೋದಲಿ ಅಂದರೆ ಆ ಗಾಬರಿ ಇಲ್ಲ.

ಡಿಸೆಂಬರ್ 8ರ ಆಸುಪಾಸು ಮನೆಯಲ್ಲಿ ಮಕ್ಕಳು ಗೆರಟೆಗಳಲ್ಲಿ, ಡಬ್ಬದ ಮುಚ್ಚಳಗಳಲ್ಲಿ ಮಣ್ಣು ತುಂಬಿ ಭತ್ತವನ್ನೋ ರಾಗಿಯನ್ನೋ ಬಿತ್ತುತ್ತಾರೆ. 24ಕ್ಕೆ ನಾಲ್ಕು ಬೆರಳು ಹಸಿರು ನಿಲ್ಲಬೇಕು, ಅದೇ ಬೆತ್ಲೆಹೇಮಿನ ಗದ್ದೆ. ನೀರು ಜಾಸ್ತಿಯಾದರೆ ಕೊಳೆಯುತ್ತದೆ, ಕಡಿಮೆಯಾದರೆ ಹಳದಿ. ಕೋಳಿ ಬಂದು ಕೆದಕಿದರೆ ಮುಗಿಯಿತು. ನಮ್ಮ ಮನೆಯಲ್ಲಿ ಒಂದು ವರ್ಷ ಕೋಳಿ ಬೆತ್ಲೆಹೇಮನ್ನು ಪೂರ್ತಿ ತಿಂದು ಹಾಕಿತು. ಶೆಟ್ರ ಗದ್ದೆಯಿಂದ ಸುಗ್ಗಿ ಬೆಳೆಯ ಎಳೆ ನೇಜಿ ಒಂದು ಹಿಡಿ ತಂದು ನೆಟ್ಟೆವು. ಆ ಕೋಳಿ 25ರಂದು ಸಾರಾಯಿತು. ಇದರಲ್ಲಿ ದ್ವೇಷ ಏನೂ ಇರಲಿಲ್ಲ.

ನಮ್ಮ ಚರ್ಚಿನ ಆಡಳಿತ ವಾಡೊಗಳಲ್ಲಿ ನಡೆಯುತ್ತದೆ. ಮೂವತ್ತು ನಲವತ್ತು ಮನೆ ಸೇರಿ ಒಂದು ವಾಡೊ, ಅದಕ್ಕೊಬ್ಬ ಗುರ್ಕಾರ್. ಮನೆಮನೆಗೆ ಹಾಡಿಕೊಂಡು ಹೋಗುವ ಕ್ಯಾರಲ್ಸ್ ಹೊರಡುವುದು ವಾಡೊದ ಲೆಕ್ಕದಲ್ಲಿ. ಹಿಂದೆ ಗ್ಯಾಸ್ ಲೈಟು ಹಿಡಿದು ಗದ್ದೆಯ ಹುಣಿಯಲ್ಲಿ ನಡೆದು ಹೋಗುತ್ತಿದ್ದರು, ಈಗ ಟೆಂಪೊ, ಕೀಬೋರ್ಡು, ಸ್ಪೀಕರ್. ತಾತನ ವೇಷ ಹಾಕುವವನ ಪಾಡು ಮಾತ್ರ ಅಂದಿಗೂ ಇಂದಿಗೂ ಒಂದೇ. ಉತ್ತರ ಧ್ರುವದ ಅಂಗಿ, ಕರಾವಳಿಯ ಸೆಕೆ. ಮೂರನೇ ಮನೆಗೆ ಬರುವಷ್ಟರಲ್ಲಿ ಗಡ್ಡದ ಹತ್ತಿ ಬೆವರಿಗೆ ಕಿತ್ತು ಬರುತ್ತದೆ, ‘ಅಂಕಲ್, ನೀವು ಗುರ್ಕಾರರ ಮಗ ಅಲ್ವಾ’ ಅಂತ ಮಕ್ಕಳು ಗುರುತು ಹಿಡಿಯುತ್ತವೆ. ಡಬ್ಬಿಗೆ ಬಿದ್ದ ಹಣ ವಾಡೊದ ಯಾವುದೋ ಮನೆಯ ಮಾಡಿಗೆ, ಯಾರದೋ ಡಯಾಲಿಸಿಸ್‌ಗೆ ಹೋಗುತ್ತದೆ. ಯಾರಿಗೆ ಎನ್ನುವುದನ್ನು ಸಭೆಯಲ್ಲಿ ಓದುವುದಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ, ಆದರೂ ಓದುವುದಿಲ್ಲ.

24ರ ರಾತ್ರಿ. ನಾನು ಚಿಕ್ಕವಳಿದ್ದಾಗ ಪೂಜೆ ಲ್ಯಾಟಿನಿನಲ್ಲಿತ್ತು. ಫಾದರ್ ನಮಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. 1962ರಿಂದ 65ರವರೆಗೆ ರೋಮಿನಲ್ಲಿ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರವೇ ಪೂಜೆ ನಮ್ಮ ಮಾತಿಗೆ ಬಂದದ್ದು. ಆಗ 24 ಉಪವಾಸದ ದಿನ, ಮಾಂಸ ಮುಟ್ಟುವ ಹಾಗಿಲ್ಲ. ಆದರೆ ಹಂದಿಯ ಬಫಾತ್ ಹಿಂದಿನ ದಿನ ಮಾಡಿಟ್ಟರೇ ರುಚಿ. ಹಾಗಾಗಿ 24ರ ಸಂಜೆ ಇಡೀ ಮನೆಯಲ್ಲಿ ಬ್ಯಾಡಗಿ ಮೆಣಸು, ಕೊತ್ತಂಬರಿ, ವಿನೆಗರಿನಲ್ಲಿ ಬೇಯುವ ಮಾಂಸದ ಪರಿಮಳ, ಹೊಟ್ಟೆಯಲ್ಲಿ ಗಂಜಿ. ಇದಕ್ಕಿಂತ ದೊಡ್ಡ ಪ್ರಾಯಶ್ಚಿತ್ತ ಯಾವ ಫಾದರೂ ಕೊಟ್ಟದ್ದಿಲ್ಲ. ಮೂರ್ತೆದಾರರ ಮನೆಯಿಂದ ಬಾಟಲಿಯಲ್ಲಿ ಕಳ್ಳು ತಂದು, ಇಡ್ಲಿಯ ಹಾಗಿನ ಸಾನ್ನಾಂ ಹಿಟ್ಟಿಗೆ ಬೆರೆಸಿಡುವುದೂ ಆ ಸಂಜೆಯೇ. ಈಗ ಯೀಸ್ಟ್ ಹಾಕುತ್ತಾರೆ. ಉಬ್ಬುತ್ತದೆ, ಅಷ್ಟೇ.

ಮಧ್ಯರಾತ್ರಿಯ ಪೂಜೆಯಲ್ಲಿ ನಾನು ಕಾಯುತ್ತಿದ್ದದ್ದು ಒಂದೇ ಗಳಿಗೆಗೆ. ಆಗಮನ ಕಾಲದ ಭಾನುವಾರಗಳ ಪೂಜೆಯಲ್ಲಿ ‘ಗ್ಲೋರಿಯಾ’ ಎಂಬ ಸ್ತುತಿಗೀತೆ ಹಾಡುವುದಿಲ್ಲ. ನಾಲ್ಕು ಭಾನುವಾರ ಅದು ಬಾಯಿ ಮುಚ್ಚಿಕೊಂಡು ಕೂತಿರುತ್ತದೆ. 24ರ ರಾತ್ರಿ ಫಾದರ್ ಮೊದಲ ಸಾಲು ಎತ್ತಿದ ಕೂಡಲೇ ಪೀಠದ ಗಂಟೆ, ಗೋಪುರದ ಗಂಟೆ, ಗಾಯನ ಮಂಡಳಿಯ ನಾಲ್ಕು ಧ್ವನಿ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ನನಗೆ ದೇವತಾಶಾಸ್ತ್ರ ಅಷ್ಟು ಬರುವುದಿಲ್ಲ, ಆದರೆ ಒಂದು ಹಾಡನ್ನು ನಾಲ್ಕು ಭಾನುವಾರ ತಡೆದಿಟ್ಟು ಆಮೇಲೆ ಬಿಡುವ ಜಾಣತನ ಯಾರದ್ದೋ, ಅವರಿಗೆ ನಮಸ್ಕಾರ.

ಈಗ ಎಷ್ಟೋ ಚರ್ಚುಗಳಲ್ಲಿ ಈ ಪೂಜೆ ಸಂಜೆ ಏಳಕ್ಕೋ ಏಳೂವರೆಗೋ ಮುಗಿಯುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ಕಡಿವಾಣ ಉಂಟು. ಅದೂ ಒಂದು ಕಾರಣ. ವಯಸ್ಸಾದವರು, ದೂರದ ದಾರಿ, ಅದೂ ಕಾರಣ. ಮೊದಲಿನ ಪೋರ್ಚುಗೀಸ್ ಹೆಸರಿನಲ್ಲಿ ಇದು ‘ಕೋಳಿಯ ಪೂಜೆ’. ಏಳು ಗಂಟೆಗೆ ಕೋಳಿ ಕೂಗುವುದಿಲ್ಲ. ಆದರೆ ನನ್ನ ಮಂಡಿಗೆ ಏಳು ಗಂಟೆಯೇ ಅನುಕೂಲ, ನಾನು ದೂರುವುದಿಲ್ಲ.

ಹಬ್ಬದ ಮರುದಿನದಿಂದ ಮದುವೆಗಳು. ಆಗಮನ ಕಾಲದಲ್ಲಿ ನಮ್ಮಲ್ಲಿ ಮದುವೆ ಇಡುವ ವಾಡಿಕೆ ಇಲ್ಲ, ಫೆಬ್ರವರಿಯಲ್ಲೋ ಮಾರ್ಚ್ ಮೊದಲಿಗೋ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂದುಬಿಡುತ್ತದೆ. ದುಬೈ, ಮಸ್ಕತ್‌ನಿಂದ ಬಂದವರ ರಜೆ ಜನವರಿ ಮೊದಲ ವಾರಕ್ಕೆ ಮುಗಿಯುತ್ತದೆ. ನಡುವೆ ಸಿಗುವ ಹತ್ತು ದಿನಗಳಿಗೆ ಹಾಲಿಗೂ ಬ್ಯಾಂಡಿಗೂ ನಡೆಯುವ ಹೊಡೆದಾಟ ಕೇಳಬೇಡಿ. ಅದರ ನಡುವೆ, ಮಗು ಯೇಸುವನ್ನು ನೋಡಲು ಬಂದ ಮೂರು ರಾಯರ ಹಬ್ಬ ಬಂದು ಗೋದಲಿ ಬಿಚ್ಚುವುದನ್ನು ಎಷ್ಟೋ ಮನೆಯಲ್ಲಿ ಮರೆತೇ ಬಿಡುತ್ತಾರೆ.

ನಮ್ಮ ಜನ ಹೆಚ್ಚು ಹೇಳುವ ದೂರು ಒಂದುಂಟು. ಈಗ ಎಲ್ಲ ಬೇಕರಿಯಿಂದ ತರುತ್ತಾರೆ, ಮನೆಯ ಕುಸ್ವಾರ್ ಹೋಯಿತು ಅಂತ. ಈ ದೂರು ಹೇಳುವವರನ್ನು ನಾನು ಗಮನಿಸಿದ್ದೇನೆ. ಹೆಚ್ಚಿನವರು ತಿಂದವರು, ಕರಿದವರಲ್ಲ. ನನ್ನ ತಾಯಿಯ ಮುಂಗೈಯಲ್ಲಿ ಎಣ್ಣೆ ಹಾರಿದ ಕಲೆಗಳು ಸಾಯುವವರೆಗೂ ಇದ್ದವು. ಸೌದೆ ಒಲೆಯ ಮುಂದೆ ನಾಲ್ಕು ದಿನ ಕೂತು ಎದ್ದರೆ ಸೊಂಟ ನೆಟ್ಟಗಾಗಲು ಹೊಸ ವರ್ಷ ಬರಬೇಕಿತ್ತು. ಅವರ ಕಾಲದಲ್ಲಿ ಬೇಕರಿಯಲ್ಲಿ ಸಿಗುತ್ತಿದ್ದರೆ, ದುಡ್ಡೂ ಇದ್ದಿದ್ದರೆ, ಅವರು ಖಂಡಿತ ತರಿಸುತ್ತಿದ್ದರು. ಇವತ್ತು ಕುಸ್ವಾರ್ ಮಾಡಿ ಮಾರುವ ಹೆಂಗಸರ ಗುಂಪುಗಳು ಎಷ್ಟೋ ಇವೆ. ಅದೇ ಕೆಲಸಕ್ಕೆ ಈಗ ಕೂಲಿ ಸಿಗುತ್ತದೆ. ಇದರಲ್ಲಿ ಕಣ್ಣೀರು ಹಾಕುವಂಥದ್ದು ನನಗೆ ಕಾಣುವುದಿಲ್ಲ.

ಪ್ರಶ್ನೆ ಇದ್ದರೆ ಕೇಳಿ ಅಂದಾಗ ಹಿಂದಿನ ಸಾಲಿನ ಒಬ್ಬ ಯುವಕರು ಕೇಳಿದರು: 2008ರ ನಂತರವೂ ತಟ್ಟೆ ಹೋಗುತ್ತಿತ್ತೇ ಎಂದು. ಒಳ್ಳೆಯ ಪ್ರಶ್ನೆ. ಆ ವರ್ಷ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಸುತ್ತಲಿನ ಚರ್ಚುಗಳು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆದವು. ಡಿಸೆಂಬರಿನಲ್ಲಿ ನಮ್ಮ ಇಗರ್ಜಿಯ ಗೇಟಿನಲ್ಲಿ ಪೊಲೀಸರು ನಿಂತಿದ್ದರು. ತಟ್ಟೆ ತುಂಬಿಸುವಾಗ ನನ್ನ ಕೈ ಹಿಂಜರಿಯಿತು ಅಂತ ಒಪ್ಪಿಕೊಳ್ಳುತ್ತೇನೆ. ಅತ್ತೆಗೆ ಆಗ 80 ದಾಟಿತ್ತು, ಕಣ್ಣು ಕಾಣುತ್ತಿರಲಿಲ್ಲ. ಪುಸ್ತಕ ಓದು ಅಂದರು. ಹನ್ನೊಂದು ಮನೆ ಓದಿದೆ. “ಹನ್ನೊಂದೂ ಹಾಕು” ಅಂದರು. ಹಾಕಿದೆವು. ನಮ್ಮೂರಿನಲ್ಲಿ ತಟ್ಟೆ ಖಾಲಿ ಹಿಂದಿರುಗಿಸುವ ಪದ್ಧತಿ ಇಲ್ಲ. ಒಂದು ಹಿಡಿ ಸಕ್ಕರೆಯಾದರೂ, ಎರಡು ವೀಳ್ಯದೆಲೆಯಾದರೂ ಇಡುತ್ತಾರೆ. ಆ ವರ್ಷ ಹತ್ತು ತಟ್ಟೆ ತುಂಬಿ ಬಂದವು. ಒಂದು ಖಾಲಿ ಬಂತು. ಯಾವ ಮನೆಯದ್ದು ಅಂತ ಅತ್ತೆ ಕೇಳಿದರು, ನಾನು ಹೇಳಲಿಲ್ಲ. ಮಾರನೆಯ ವರ್ಷ ಆ ಮನೆಗೂ ಹೋಯಿತು. ಅದೂ ತುಂಬಿ ಬಂತು.

ಇನ್ನೊಬ್ಬರು ಕೇಳಿದ್ದು, ನಿಮ್ಮ ಮನೆಯಲ್ಲಿ ಈಗ ಮೊದಲ ಎಣ್ಣೆ ಉಂಟಾ?

ಕಳೆದ ವರ್ಷ ಇರಲಿಲ್ಲ. ನನ್ನ ಸೊಸೆ ಬೆಂಗಳೂರಿನಲ್ಲಿ ಕೆಲಸ ಮಾಡುವವಳು, 23ಕ್ಕೆ ಬಂದಳು. ಬರುವಾಗ ಕುಸ್ವಾರ್ ಪ್ಯಾಕೆಟ್ ಕಟ್ಟಿಸಿಕೊಂಡೇ ಬಂದಿದ್ದಳು, ಹನ್ನೊಂದು ಮನೆಗೆ ಹನ್ನೊಂದು. ಭಟ್ರ ಮನೆಯದ್ದು ಅಂತ ಹಸಿರು ಚುಕ್ಕೆಯ ಪ್ಯಾಕೆಟ್ ಬೇರೆಯೇ ಇಟ್ಟಿದ್ದಳು, ನಾನು ಹೇಳಿಕೊಟ್ಟದ್ದಲ್ಲ. ನಾನೇ ತೆಗೆದುಕೊಂಡು ಹೋದೆ. ಭಟ್ರ ಹೆಂಡತಿಗೆ ಈಗ ಎಪ್ಪತ್ತೆಂಟು. ಪ್ಯಾಕೆಟ್ ತಿರುಗಿಸಿ ನೋಡಿದರು. ಕನ್ನಡಕ ತಂದು ಚುಕ್ಕೆ ನೋಡಿದರು. ಸಣ್ಣ ಅಕ್ಷರದಲ್ಲಿ ಬರೆದದ್ದನ್ನೂ ಓದಿದರು. “ಟೀಚರೇ, ಇದು ಯಾರ ಎಣ್ಣೆ?” ಅಂತ ಕೇಳಿದರು. ತಾಳೆ ಎಣ್ಣೆ ಅಂತ ಹಾಕಿದ್ದಾರಲ್ಲ ಅಕ್ಕ, ಅಂದೆ. “ಯಾವ ಎಣ್ಣೆ ಅಂತ ಅಲ್ಲ ನಾ ಕೇಳಿದ್ದು” ಅಂದರು.

ಈ ಸಲ ಕಳೆದ ಮಂಗಳವಾರವೇ ಅವರ ಮೊಮ್ಮಗ ಸ್ಕೂಟರಿನಲ್ಲಿ ಐದು ಲೀಟರಿನ ಕ್ಯಾನು ತಂದು ನಮ್ಮ ಜಗಲಿಯಲ್ಲಿ ಇಟ್ಟು ಹೋಗಿದ್ದಾನೆ. ಹಾಗಾಗಿ ಇದೇ 18ಕ್ಕೆ ಬಾಣಲೆ ಇಡುತ್ತೇವೆ. ಚಕ್ಕುಲಿ, ಗುಳಿಯೊ ಎರಡೇ, ಉಳಿದದ್ದೆಲ್ಲ ಬೇಕರಿಯದ್ದು. ನನ್ನ ಬಲಗೈ ಈಗ ಒರಳು ಒತ್ತುವುದಿಲ್ಲ. ಗಟ್ಟಿ ಕೈಯವರು ಇಬ್ಬರು ಬೇಕು. ಇಷ್ಟು ಹೊತ್ತು ಕೂತು ಕೇಳಿದವರಲ್ಲಿ ಯಾರಾದರೂ ಇದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ. ಗಂಡಸರಾದರೂ ಆದೀತು, ಆದರೆ ದಪ್ಪ ಒತ್ತಬಾರದು.